ಸಹಾಯ ಬೇಕು: ಕೌದಿ ಹೊಲಿಯಲು ಯಾವ ಮಷಿನ್ ತಗೊಳ್ಳಲಿ?

ನಮಸ್ಕಾರ, ನಾನು ದಾವಣಗೆರೆಯವಳು. ಹಳೇ ಕಾಟನ್ ಸೀರೆಗಳನ್ನು ಪದರ ಪದರ ಹಾಸಿ ಮಷಿನ್‌ನಲ್ಲೇ ಕೌದಿ ಹೊಲಿಯುತ್ತೇನೆ. ಮಷಿನ್ ಹಲ್ಲು ಅಡಿಯ ಬಟ್ಟೆಯನ್ನಷ್ಟೇ ಎಳೆಯುತ್ತದೆ, ಮೇಲಿನದು ಜರುಗಿ ಸುಕ್ಕು ಬೀಳುತ್ತದೆ. ಬಟ್ಟೆ ಅದುಮುವ ಫುಟ್‌ನ ಒತ್ತಡ ಇಳಿಸಿದೆ, ಹೊಲಿಗೆ ಉದ್ದ ಮಾಡಿದೆ, ಮೊದಲೇ ಕಚ್ಚಾ ಹೊಲಿಗೆಯನ್ನೂ ಹಾಕಿ ನೋಡಿದೆ. ಮೇಲಿನ ಬಟ್ಟೆಯನ್ನೂ ಜೊತೆಗೆ ಎಳೆಯುವ ವಾಕಿಂಗ್ ಫುಟ್ ಹಾಕಿದ ಮೇಲೆ ನೇರ ಗೆರೆ ಪರವಾಗಿಲ್ಲ. ಆದರೆ ಅದು ದಪ್ಪ, ಸೂಜಿಯೇ ಸರಿಯಾಗಿ ಕಾಣಲ್ಲ, ಸದ್ದೂ ಜಾಸ್ತಿ.

ಈಗ ಹೊಸದು ನೋಡುತ್ತಿದ್ದೇನೆ. ಫಾಫ್ ಕಂಪನಿಯ ಐಡಿಟಿ (ಮೇಲಿನ ಬಟ್ಟೆಯನ್ನೂ ಎಳೆಯುವ ವ್ಯವಸ್ಥೆ) ಮಷಿನ್‌ಗೇ ಸೇರಿರುತ್ತದೆ, ಬೇಡವಾದಾಗ ಮೇಲಕ್ಕೆ ಸರಿಸಬಹುದು. ಅದೇ ಕೆಲಸ ಮಾಡುವ ಜನೋಮ್ ಕಂಪನಿಯ ಆಕ್ಯುಫೀಡ್‌ಗೆ ಬೇರೆ ಫುಟ್ ಕೂರಿಸಬೇಕು. ಇಲ್ಲಿನ ಅಂಗಡಿಯವರು 'ಅದಕ್ಕೆಲ್ಲಾ ಬೆಂಗಳೂರೇ ಮೇಡಂ' ಅಂದುಬಿಟ್ಟರು!

ಬಳಸಿದವರು ಹೇಳಿ: ದಪ್ಪ ಕೌದಿಗೆ ಇವು ವಾಕಿಂಗ್ ಫುಟ್‌ಗಿಂತ ನಿಜಕ್ಕೂ ವಾಸಿಯಾ? ಎರಡರಲ್ಲಿ ಯಾವುದಕ್ಕೆ ನಮ್ಮ ಕಡೆ ರಿಪೇರಿಯವರು ಸಿಗುತ್ತಾರೆ?