ಹಳೇ ಲ್ಯಾಪ್‌ಟಾಪಲ್ಲಿ ಫ್ಲ್ಯಾಶ್, ಸಿಲ್ವರ್‌ಲೈಟ್, ಕ್ವಿಕ್‌ಟೈಮ್ ಎಲ್ಲಾ ಇದೆ, ಇಟ್ಕೊಳ್ಳೋದಾ ತೆಗೆಯೋದಾ?

ಮಲ್ನಾಡ್ ಮೇಷ್ಟ್ರು

ಎಲ್ರಿಗೂ ನಮಸ್ಕಾರ. ನಾನು ಪ್ರೈಮರಿ ಸ್ಕೂಲ್ ಮೇಷ್ಟ್ರು, 2012ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇನ್ನೂ ಓಡಿಸ್ತಾ ಇದೀನಿ, ವಿಂಡೋಸ್ 7 ಇದ್ದಿದ್ದನ್ನ ಆಮೇಲೆ 10 ಮಾಡಿಸಿದ್ದು. ಮೊನ್ನೆ ಜಾಗ ಸಾಲ್ದೆ ಕಂಟ್ರೋಲ್ ಪ್ಯಾನೆಲ್ ತೆಗೆದು ನೋಡಿದ್ರೆ ಫ್ಲ್ಯಾಶ್ ಪ್ಲೇಯರ್, ಶಾಕ್‌ವೇವ್, ಸಿಲ್ವರ್‌ಲೈಟ್, ಕ್ವಿಕ್‌ಟೈಮ್ 7, ಜಾವಾ 8 ಎಲ್ಲಾ ಸಾಲಾಗಿ ಕೂತಿವೆ, ಯಾವಾಗ ಹಾಕಿದ್ದು ಅಂತಾನೂ ನೆನಪಿಲ್ಲ, ಆಗೆಲ್ಲಾ ಏನಾದ್ರೂ ವಿಡಿಯೋ ನೋಡಕ್ಕೆ ಹೋದ್ರೆ ಈ ಪ್ಲಗಿನ್ ಬೇಕು ಆ ಪ್ಲಗಿನ್ ಬೇಕು ಅಂತ ಕೇಳ್ತಿತ್ತು, ಹಾಕ್ತಾ ಹೋದೆ. ಆದ್ರೆ ಫೈರ್‌ಫಾಕ್ಸಲ್ಲಿ ಆಡ್-ಆನ್ಸ್ ಒಳಗೆ ಪ್ಲಗಿನ್ಸ್ ಅಂತ ಒಂದಿದೆಯಲ್ಲ, ಅಲ್ಲಿ ಇವ್ಯಾವೂ ಕಾಣಲ್ಲ, ಬದ್ಲಿಗೆ ಸಿಸ್ಕೋದವ್ರದ್ದು ಓಪನ್ ಎಚ್264, ಗೂಗಲ್‌ನವ್ರದ್ದು ವೈಡ್‌ವೈನ್ ಅಂತ ಎರಡು ಇವೆ. ಇವನ್ನ ನಾನು ಹಾಕೇ ಇಲ್ಲ. ವೈರಸ್ಸಾ?

ಇನ್ನೊಂದು ಮುಖ್ಯವಾದ್ದು. 2009-10ರಲ್ಲಿ ಮಕ್ಕಳಿಗೋಸ್ಕರ ನಾನೇ ಫ್ಲ್ಯಾಶಲ್ಲಿ ಮಾಡಿದ್ದ ಪಾಠಗಳು, ಕಾಗುಣಿತ, ಮಗ್ಗಿ, ನೀರಿನ ಚಕ್ರ ಅಂತ ಒಂದು ನಲವತ್ತು ಫೈಲಿವೆ, ರಾತ್ರಿ ರಾತ್ರಿ ಕೂತು ಮಾಡಿದ್ದು. ಫ್ಲ್ಯಾಶ್ ತೆಗೆದ್ರೆ ಅವೂ ಹೋಗ್ಬಿಡ್ತಾವೇನೋ ಅಂತ ಕೈ ಹಾಕಕ್ಕೆ ಭಯ. ನಿನ್ನೆ ಬೇರೆ ಯಾವ್ದೋ ಸೈಟಲ್ಲಿ ನಿಮ್ಮ ಫ್ಲ್ಯಾಶ್ ಹಳೇದಾಗಿದೆ ಅಪ್‌ಡೇಟ್ ಮಾಡಿ ಅಂತ ಬಂತು, ಒತ್ತಿದೆ, ಡೌನ್‌ಲೋಡ್ ಆಗಿದೆ, ಇನ್ನೂ ಓಪನ್ ಮಾಡಿಲ್ಲ.

ಕೋಡ್ ಹೈದ

ಮೇಷ್ಟ್ರೇ ಮೊದ್ಲು ಆ ಡೌನ್‌ಲೋಡ್ ಆಗಿರೋದನ್ನ ಡಿಲೀಟ್ ಮಾಡಿ, ರೀಸೈಕಲ್ ಬಿನ್ನಿಂದಾನೂ ತೆಗೀರಿ, ಆಮೇಲೆ ಮುಂದಿಂದು ಓದಿ. ಅಡೋಬಿಯವ್ರು ಫ್ಲ್ಯಾಶ್ ನಿಲ್ಸಿದ್ದು 2020ರ ಡಿಸೆಂಬರ್ 31ಕ್ಕೆ, 2021ರ ಜನವರಿ 12ರಿಂದ ಅದ್ರಲ್ಲಿ ಏನೂ ಪ್ಲೇ ಆಗ್ದಂಗೆ ಅವ್ರೇ ತಡೆ ಹಾಕಿದ್ರು. ಅಂದ್ಮೇಲೆ ಇವತ್ತು ನಮ್ಮಂಥವ್ರ ಮುಂದೆ ಫ್ಲ್ಯಾಶ್ ಅಪ್‌ಡೇಟ್ ಅಂತ ಬರೋದು ಮೋಸಾನೇ. ಫ್ಲ್ಯಾಶ್ ಬದುಕಿದ್ದಾಗ್ಲೇ ಈ ವೇಷ ಹಾಕ್ಕೊಂಡು ಎಷ್ಟೋ ಮಾಲ್‌ವೇರ್ ಒಳಗೆ ಬಂದಿದೆ. ನೀವು ಓಪನ್ ಮಾಡದೆ ಕೇಳಿದ್ದು ತುಂಬಾ ಒಳ್ಳೇದಾಯ್ತು.

ಈಗ ಪ್ಲಗಿನ್ ವಿಷ್ಯ. ನೆಟ್‌ಸ್ಕೇಪ್ ಕಾಲದಲ್ಲಿ, 1995ರ ಹೊತ್ತಿಗೆ ಶುರುವಾಗಿದ್ದು ಇದು. ಆಗ ವಿಡಿಯೋ ಆಡಿಯೋ ನುಡಿಸೋದು ಬ್ರೌಸರ್‌ಗೆ ಗೊತ್ತಿರ್ಲಿಲ್ಲ, ಅದಕ್ಕೆ ಹೊರಗಿನ ಪ್ರೋಗ್ರಾಂ ಒಂದನ್ನ ತಂದು ಪೇಜೊಳಗೆ ಕೂರ್ಸೋರು. ಹಂಗೆ ಕೂತಿದ್ದಕ್ಕೆ ಬ್ರೌಸರ್‌ನ ಕಟ್ಟುಪಾಡು ಇರ್ಲಿಲ್ಲ, ನಿಮ್ಮ ಕಂಪ್ಯೂಟರಲ್ಲಿ ನೀವು ಏನೇನು ಮಾಡ್ಬೋದೋ ಅದೂ ಹೆಚ್ಚು ಕಮ್ಮಿ ಅಷ್ಟೂ ಮಾಡ್ಬೋದಿತ್ತು, ಹಾಗಾಗಿ ಪ್ಲಗಿನ್ನಲ್ಲಿ ಒಂದು ತೂತಿದ್ರೆ ಕೆಟ್ಟ ಪೇಜ್ ಒಂದು ತೆರೆದ್ರೆ ಸಾಕು ಕಳ್ಳ ನೇರ ಅಡುಗೆಮನೆಗೇ ಬಂದಂಗೆ. ಆಮೇಲೆ ವೆಬ್ ಪೇಜ್ ಬರೆಯೋ ಭಾಷೆಯ ಹೊಸ ರೂಪ ಎಚ್‌ಟಿಎಂಎಲ್5 ಬಂದು ವಿಡಿಯೋ ಪ್ಲೇ ಮಾಡೋದನ್ನ ಬ್ರೌಸರ್ರೇ ಕಲೀತು, ಯೂಟ್ಯೂಬ್ 2015ರ ಜನವರಿಯಲ್ಲಿ ಅದನ್ನೇ ಡೀಫಾಲ್ಟ್ ಮಾಡ್ತು. ಕ್ರೋಮ್‌ನವ್ರು ಅದೇ ವರ್ಷ ಸೆಪ್ಟೆಂಬರಲ್ಲಿ ಹಳೇ ಪ್ಲಗಿನ್ ದಾರೀನೇ ಮುಚ್ಚಿದ್ರು, ಫೈರ್‌ಫಾಕ್ಸ್ 2017ರ ಮಾರ್ಚಲ್ಲಿ ಫ್ಲ್ಯಾಶ್ ಒಂದು ಬಿಟ್ಟು ಉಳಿದಿದ್ದೆಲ್ಲಾ ನಿಲ್ಸ್ತು, 2021ರ ಜನವರಿಗೆ ಫ್ಲ್ಯಾಶೂ ಹೋಯ್ತು. ನಿಮ್ಮ ಲಿಸ್ಟಲ್ಲಿ ಅವು ಕಾಣ್ದೇ ಇರೋದು ಇದಕ್ಕೇ.

ಆ ಎರಡು ವೈರಸ್ ಅಲ್ಲ, ಫೈರ್‌ಫಾಕ್ಸ್ ತಾನೇ ತರ್ಸ್ಕೊಳ್ಳೋದು, ತಾನೇ ಅಪ್‌ಡೇಟ್ ಮಾಡ್ಕೊಳ್ಳುತ್ತೆ, ಇವು ಕಟ್ಟುಪಾಡಿನ ಒಳಗೇ ಇರೋವು. ಓಪನ್ ಎಚ್264 ಬ್ರೌಸರಲ್ಲಿ ವಿಡಿಯೋ ಕಾಲ್ ಮಾಡೋಕೆ. ವೈಡ್‌ವೈನ್ ನೆಟ್‌ಫ್ಲಿಕ್ಸ್ ಥರದ ಸೈಟಿನ ಬೀಗ ಹಾಕಿರೋ ವಿಡಿಯೋಗೆ, ಅದನ್ನ ಆಫ್ ಮಾಡಿದ್ರೂ ಯೂಟ್ಯೂಬಲ್ಲಿ ಮಾಮೂಲಿ ವಿಡಿಯೋಗಳು ಬರ್ತವೆ. ಎರಡೂ ಇರ್ಲಿ ಬಿಡಿ.

ಕಂಟ್ರೋಲ್ ಪ್ಯಾನೆಲಲ್ಲಿರೋ ಫ್ಲ್ಯಾಶ್, ಶಾಕ್‌ವೇವ್ (2019ರಲ್ಲೇ ನಿಂತಿದ್ದು), ಸಿಲ್ವರ್‌ಲೈಟ್ (2021ರ ಅಕ್ಟೋಬರ್ 12ಕ್ಕೆ ಸಪೋರ್ಟ್ ಮುಗೀತು) ಮೂರೂ ತೆಗೀರಿ.

ಎಡಿಟಿಂಗ್ ಅಕ್ಕ

ಕ್ವಿಕ್‌ಟೈಮ್ ಬಗ್ಗೆ ನಾನು ಹೇಳ್ತೀನಿ, ಮದುವೆ ವಿಡಿಯೋ ಎಡಿಟ್ ಮಾಡೋಳು ನಾನು. 2016ರ ಏಪ್ರಿಲಲ್ಲಿ ವಿಂಡೋಸ್‌ನ ಕ್ವಿಕ್‌ಟೈಮಲ್ಲಿ ಎರಡು ದೊಡ್ಡ ತೂತು ಸಿಕ್ಕಿದ್ವು, ಆಪಲ್‌ನವ್ರು ಸರಿ ಮಾಡ್ಲಿಲ್ಲ, ಅಮೆರಿಕಾ ಸರ್ಕಾರದ ಸೈಬರ್ ಸೆಕ್ಯುರಿಟಿಯವ್ರೇ ತೆಗೆದು ಹಾಕಿ ಅಂತ ಹೇಳಿದ್ರು. ಆಗ ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಹಳೇ ವರ್ಷನ್ ಇತ್ತು, ಕೆಲವು ಎಂಒವಿ ಫೈಲ್ ಓಪನ್ ಆಗಕ್ಕೆ ಕ್ವಿಕ್‌ಟೈಮೇ ಬೇಕಿತ್ತು, ಹಾಗಾಗಿ ಆ ಕಂಪ್ಯೂಟರ್‌ಗೆ ಇಂಟರ್ನೆಟ್ ವೈರ್ ಕಿತ್ತು ವರ್ಷಾನುಗಟ್ಲೆ ಎಡಿಟಿಂಗ್‌ಗೆ ಮಾತ್ರ ಇಟ್ಕೊಂಡಿದ್ದೆ. ನಿಮಗೆ ಬರೀ ನೋಡೋಕಾದ್ರೆ ವಿಎಲ್‌ಸಿ ಅನ್ನೋ ಉಚಿತ ವಿಡಿಯೋ ಪ್ಲೇಯರ್ ಸಾಕು ಸರ್, ಕ್ವಿಕ್‌ಟೈಮ್ ತೆಗೀರಿ.

ಜಾವಾ ಮಾತ್ರ ಯೋಚ್ನೆ ಮಾಡಿ ತೆಗೀರಿ. ಬೇರೆ ಯಾವ್ದಾದ್ರೂ ಪ್ರೋಗ್ರಾಂ ಅದ್ರ ಮೇಲೆ ಓಡ್ತಿದ್ರೆ ಅದು ನಿಂತೋಗುತ್ತೆ, ನಮ್ಮೆಜಮಾನ್ರ ಡಿಜಿಟಲ್ ಸಿಗ್ನೇಚರ್ ಸಾಫ್ಟ್‌ವೇರ್ ಹಂಗೇ ಆಯ್ತು, ಟೆಂಡರ್ ಹಾಕೋ ಕೊನೇ ದಿನ, ಇಡೀ ಮನೆಗೆ ಊಟ ಇಲ್ಲ ಅವತ್ತು. ಬೇಕಿದ್ರೆ ಜಾವಾ ಇಟ್ಕೊಂಡು ಜಾವಾ ಕಂಟ್ರೋಲ್ ಪ್ಯಾನೆಲಲ್ಲಿ ಸೆಕ್ಯುರಿಟಿ ಅನ್ನೋ ಕಡೆ ಬ್ರೌಸರಲ್ಲಿ ಜಾವಾ ಓಡಿಸೋ ಟಿಕ್ ತೆಗೆದ್ಬಿಡಿ.

ಕೋಡ್ ಹೈದ

ಅಕ್ಕ ಹೇಳಿದ್ದು ಸರಿ. ಪಾಠಗಳ ಬಗ್ಗೆ ಬರಿಯೋದೇ ಬಿಟ್ಟಿದ್ದೆ. ಮೇಷ್ಟ್ರೇ, ಫ್ಲ್ಯಾಶ್ ಪ್ಲೇಯರ್ ತೆಗೆದ್ರೆ ನಿಮ್ಮ ಫೈಲ್‌ಗಳು ಹೋಗಲ್ಲ, ಅವು ಎಸ್‌ಡಬ್ಲ್ಯೂಎಫ್ ಫೈಲಾಗಿ ಫೋಲ್ಡರಲ್ಲೇ ಇರ್ತವೆ. ಆದ್ರೂ ಮೊದ್ಲು ಪೆನ್ ಡ್ರೈವ್‌ಗೆ ಒಂದು ಕಾಪಿ ಹಾಕ್ಕೊಳಿ, ಎಫ್‌ಎಲ್‌ಎ ಅನ್ನೋ ಮೂಲ ಫೈಲ್‌ಗಳಿದ್ರೆ ಅವನ್ನೂ ಸೇರ್ಸಿ. ಆಮೇಲೆ ರಫಲ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಫ್ಲ್ಯಾಶ್ ಇಲ್ದೇನೇ ಫ್ಲ್ಯಾಶ್ ಫೈಲ್ ಓಡಿಸುತ್ತೆ, ಅವ್ರದೇ ಸೈಟಿಂದ ಡೆಸ್ಕ್‌ಟಾಪ್ ವರ್ಷನ್ ಇಳಿಸ್ಕೊಂಡು ಫೈಲ್ ಅದ್ರಲ್ಲಿ ಓಪನ್ ಮಾಡಿ.

ಕನ್ನಡ ಅಕ್ಷರದ ಬದ್ಲು ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಬಂದ್ರೆ ಗಾಬರಿ ಬೇಡ, ಆಗ ಯುನಿಕೋಡ್ ಅಲ್ದೆ ನುಡಿ ಥರದ ಫಾಂಟಲ್ಲಿ ಟೈಪ್ ಮಾಡಿರ್ತೀರಿ, ಫೈಲೊಳಗೆ ಫಾಂಟ್ ಸೇರಿರ್ದಿದ್ರೆ ಹಂಗಾಗುತ್ತೆ. ಅದೇ ಫಾಂಟ್ ಸಿಸ್ಟಮ್‌ಗೆ ಹಾಕಿ ಮತ್ತೆ ನೋಡಿ.

ಮಲ್ನಾಡ್ ಮೇಷ್ಟ್ರು

ಎಲ್ರಿಗೂ ಥ್ಯಾಂಕ್ಸ್ ಕಣ್ರೀ. ಶನಿವಾರ ಕೂತು ಎಲ್ಲಾ ಮಾಡಿದೆ. ಕಾಪಿ ತಗೊಂಡು ಫ್ಲ್ಯಾಶ್, ಶಾಕ್‌ವೇವ್, ಸಿಲ್ವರ್‌ಲೈಟ್, ಕ್ವಿಕ್‌ಟೈಮ್ ತೆಗೆದೆ, ಜಾವಾ ಬೇಕಿರೋದು ಏನೂ ಇಲ್ಲ ಅಂತ ಗೊತ್ತಾಗಿ ಅದನ್ನೂ ತೆಗೆದೆ. ಆ ನಕಲಿ ಅಪ್‌ಡೇಟ್ ಡಿಲೀಟ್ ಮಾಡಿ ಡಿಫೆಂಡರಲ್ಲಿ ಫುಲ್ ಸ್ಕ್ಯಾನ್ ಹಾಕಿದೆ, ಏನೂ ಸಿಗ್ಲಿಲ್ಲ. ರಫಲಲ್ಲಿ ನಲವತ್ತರಲ್ಲಿ ಮೂವತ್ತಾರು ಫೈಲ್ ಓಡಿದ್ವು, ಕಾಗುಣಿತದಲ್ಲಿ ಹೈದ ಹೇಳಿದಂಗೇ ಅಕ್ಷರ ಕೆಟ್ಟಿತ್ತು, ನುಡಿ ಹಾಕಿದ್ಮೇಲೆ ಸರಿಹೋಯ್ತು. ನೀರಿನ ಚಕ್ರದಲ್ಲಿ ಮೋಡ ಎದ್ದು ಬಂದಾಗ ಪಕ್ಕದಲ್ಲಿದ್ದ ಮಗಳು ಇದು ನಂಗೂ ತೋರ್ಸಿದ್ರಲ್ಲಾ ಅಂದ್ಲು, ಅವ್ಳೀಗ ಡಿಗ್ರಿ ಓದ್ತಿದಾಳೆ.

ಮಗ್ಗಿ ಪಾಠದ ನಾಕು ಫೈಲಲ್ಲಿ ಮಾತ್ರ ಉತ್ತರ ಒತ್ತೋ ಬಟನ್ ಕೆಲ್ಸ ಮಾಡ್ತಿಲ್ಲ. ಅವಕ್ಕೇನಾದ್ರೂ ದಾರಿ ಇದೆಯಾ ಹೈದ?

ಕೋಡ್ ಹೈದ

ಅವು ಫ್ಲ್ಯಾಶ್‌ನ ಪ್ರೋಗ್ರಾಮಿಂಗ್ ಭಾಷೆ ಆಕ್ಷನ್‌ಸ್ಕ್ರಿಪ್ಟ್‌ನ 3ನೇ ವರ್ಷನ್ನಲ್ಲಿ ಬರ್ದಿದ್ದಿರ್ಬೋದು ಮೇಷ್ಟ್ರೇ, ರಫಲ್‌ಗೆ ಹಳೇ 1, 2 ಚೆನ್ನಾಗಿ ಬರುತ್ತೆ, 3ರಲ್ಲಿ ಕೆಲಸ ಇನ್ನೂ ನಡೀತಾ ಇದೆ. ಹೊಸ ವರ್ಷನ್ ಬಂದಂಗೆ ಮತ್ತೆ ಟ್ರೈ ಮಾಡ್ತಿರಿ. ಎಫ್‌ಎಲ್‌ಎ ಇದ್ರೆ ಒಂದು ಕಳ್ಸಿ, ಮಗ್ಗಿ ತಾನೇ, ಮಾಮೂಲಿ ವೆಬ್ ಪೇಜಾಗಿ ಮಾಡ್ಕೊಡ್ತೀನಿ, ಮಕ್ಕಳು ಮೊಬೈಲಲ್ಲೂ ಆಡ್ಬೋದು.