ಸಹಾಯ ಬೇಕು: ರಾತ್ರಿ ಮುಸುರೆ ಪಾತ್ರೆ ತೊಳೆಯೋದು ರೂಢಿ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಎರಡನೇ ಕ್ಲಾಸಿನ ಮಗ. ಹೆಬ್ಬಾಳದ ಕಡೆಯಿಂದ ಕೆಲಸ ಮುಗಿಸಿ ಬರುವಾಗ ಏಳೂವರೆ. ಯಜಮಾನರಿಗೆ ರಾತ್ರಿ ಪಾಳಿ.

ಅತ್ತೆಗೆ ರಾತ್ರಿ ಮುದ್ದೆ ಆಗಲೇಬೇಕು. ಆ ಪಾತ್ರೆ ತಳ ಹಿಡಿದಿರುತ್ತದೆ, ನೆನೆಯಲಿ ಅಂತ ನೀರು ಹಾಕಿ ಬಿಡುತ್ತೇನೆ. ಅಲ್ಲೇ ಎಲ್ಲ ಕೆಡುವುದು. ಅದೊಂದನ್ನು ಬಿಟ್ಟ ಮೇಲೆ ಕುಕ್ಕರ್, ಹಾಲಿನ ಪಾತ್ರೆ, ತಟ್ಟೆ ಎಲ್ಲವೂ ಬೆಳಿಗ್ಗೆಗೆ ಹೋಗುತ್ತವೆ. ಬೆಳಿಗ್ಗೆ ಟಿಫನ್ ಬಾಕ್ಸ್ ಗಡಿಬಿಡಿ. ಎರಡೇ ದಿನಕ್ಕೆ ಒಂದು ಚಮಚವೂ ಸಿಗುವುದಿಲ್ಲ, ಜಿರಳೆ ಬೇರೆ. ಅತ್ತೆ ಒಂದು ಮಾತೂ ಆಡದೆ ಮಂಡಿ ನೋವಿನಲ್ಲೇ ನಿಂತು ತೊಳೆಯುತ್ತಾರೆ. ನೋಡಿದರೆ ತುಂಬಾ ಸಂಕಟ ಆಗುತ್ತದೆ.

ಅಡುಗೆ ಮಾಡುತ್ತಲೇ ತೊಳೆದು ನೋಡಿದೆ, ನಾಲ್ಕು ದಿನ ನಡೆಯಿತು. ಆಮೇಲೆ ತಲಾ ಒಂದು ತಟ್ಟೆ, ಒಂದು ಲೋಟ ಇಟ್ಟು ಉಳಿದಿದ್ದನ್ನು ಅಟ್ಟಕ್ಕೆ ಹಾಕಿದೆ. ಅದು ನಿಜವಾಗಿ ಚೆನ್ನಾಗಿತ್ತು. ದಸರಾಕ್ಕೆ ನೆಂಟರು ಬಂದರು, ಎಲ್ಲ ಕೆಳಗಿಳಿಯಿತು.

21 ದಿನದಲ್ಲಿ ಅಭ್ಯಾಸ ಆಗುತ್ತದೆ ಅಂತಾರೆ. ಆದರೆ ಲಂಡನ್ನಿನ ಒಂದು ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿಯಿತಂತೆ, ನಡುವೆ ಒಂದು ದಿನ ತಪ್ಪಿದರೂ ದೊಡ್ಡ ನಷ್ಟವಿಲ್ಲವಂತೆ. ನನಗೆ ಮಾತ್ರ ಒಂದು ದಿನ ತಪ್ಪಿದರೆ ವಾರವೇ ತಪ್ಪುತ್ತದೆ.

ಮುದ್ದೆ ಪಾತ್ರೆ ಮಾತ್ರ ನೆನೆಯಲು ಬಿಟ್ಟು, ಮಿಕ್ಕಿದ್ದು ಮುಗಿಸಿದರೆ ಸಾಕು ಅಂತ ಇಟ್ಟುಕೊಳ್ಳಲಾ? ಇಲ್ಲ, ಸಿಂಕ್ ಪೂರ್ತಿ ಖಾಲಿ ಮಾಡಿಯೇ ಮಲಗಬೇಕಾ? ಕೆಲಸಕ್ಕೆ ಹೋಗುವವರು, ನಿಮ್ಮ ಮನೆಯಲ್ಲಿ ಯಾವ ರೂಢಿ ಉಳಿದು ಬಂತು, ದಯವಿಟ್ಟು ಹೇಳಿ.