ಮಾರ್ಟಿನಿ 3: ದೊಡ್ಡ ಡಿಪಿಪಿಸಿ ಪೊರೆ ಸುಕ್ಕಾಗುತ್ತಿದೆ, ಬಾಕ್ಸ್ ಕುಗ್ಗುತ್ತಲೇ ಇದೆ

ಪೊರೆಗಾರ:
ಯಾರಾದರೂ ದಾರಿ ತೋರಿಸಿ, ತಲೆ ಕೆಟ್ಟುಹೋಗಿದೆ. ಮಾರ್ಟಿನಿ 3ರಲ್ಲಿ (ಕೆಲವು ಪರಮಾಣುಗಳನ್ನು ಸೇರಿಸಿ ಒಂದು ಮಣಿ ಅಂತ ಲೆಕ್ಕ ಹಾಕುವ ಮಾದರಿ) ಲಿಪಿಡ್ ಪೊರೆಯ ಸಿಮ್ಯುಲೇಶನ್ ಓಡಿಸ್ತಿದ್ದೇನೆ. ಸುಮಾರು 40 × 40 ನ್ಯಾನೊಮೀಟರ್‌ನ ದ್ವಿಪದರ, ಒಟ್ಟು 5000 ಡಿಪಿಪಿಸಿ (ಒಂದು ಬಗೆಯ ಲಿಪಿಡ್) ಅಣು, ಉಳಿದದ್ದೆಲ್ಲ ಮಾಮೂಲಿ ಸೆಟ್ಟಿಂಗ್. ಶುರುವಿನಲ್ಲಿ ಚಪ್ಪಟೆಯಾಗೇ ಇರುತ್ತೆ. ಆಮೇಲೆ ಬಾಕ್ಸ್ (ಪೊರೆ, ನೀರು ಎರಡೂ ಇರುವ ಸಿಮ್ಯುಲೇಶನ್ ಪೆಟ್ಟಿಗೆ) ಅಡ್ಡಕ್ಕೆ ಕುಗ್ಗುತ್ತಾ, ಝಡ್ ದಿಕ್ಕಿಗೆ ಉದ್ದವಾಗುತ್ತಾ ಹೋಗಿ ಪೊರೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುದುಡಿಕೊಳ್ಳುತ್ತೆ. ಕ್ರ್ಯಾಶ್ ಇಲ್ಲ, ಒಂದು ವಾರ್ನಿಂಗೂ ಇಲ್ಲ. 256 ಲಿಪಿಡ್‌ಗಳ ಸಣ್ಣ ತುಂಡು ಅದೇ ಎಂಡಿಪಿ (ಸೆಟ್ಟಿಂಗ್) ಫೈಲಿನಲ್ಲಿ ಚೆನ್ನಾಗಿ ಓಡುತ್ತೆ. ಪೊರೆಯ ಅಲೆಗಳಿಂದ ಅದರ ಬಾಗು-ಬಿಗಿತ ಅಳೆಯೋದು ನನ್ನ ಕೆಲಸ, ಹಾಗಾಗಿ ದೊಡ್ಡದೇ ಬೇಕು.

ಮಣಿಸರ:
ನೀರು ಹೆಪ್ಪುಗಟ್ಟಿದೆ. ಮಾರ್ಟಿನಿಯಲ್ಲಿ ನಾಲ್ಕು ನೀರಿನ ಅಣು ಸೇರಿ ಒಂದು ಮಣಿ, ಅದು 290 ಕೆಲ್ವಿನ್ ಆಸುಪಾಸಿನಲ್ಲೇ ಗಟ್ಟಿಯಾಗಿಬಿಡುತ್ತೆ. 10% ಆಂಟಿಫ್ರೀಜ್ ಮಣಿ ಸೇರಿಸಿ ನೋಡಿ.

ಪೊರೆಗಾರ:
ಓಡಿಸ್ತಿರೋದು 323 ಕೆಲ್ವಿನ್‌ನಲ್ಲಿ. ನೀರು ಹರಿದಾಡ್ತಿದೆ, ಟ್ರಾಜೆಕ್ಟರಿಯಲ್ಲಿ (ಮಣಿಗಳ ಚಲನೆಯ ದಾಖಲೆ) ಕಾಣುತ್ತೆ.

ಮಣಿಸರ:
ದೊಡ್ಡ ಬಾಕ್ಸಿನ ಒಂದು ಮೂಲೆಯಲ್ಲಿ ಹರಳು ಕಟ್ಟಿದರೂ ಸಾಕು. ನೀರು-ನೀರಿನ ಆರ್‌ಡಿಎಫ್ (ಒಂದು ಮಣಿಯಿಂದ ಯಾವ ದೂರದಲ್ಲಿ ಎಷ್ಟು ಮಣಿ ಅನ್ನೋ ಲೆಕ್ಕ) ಗ್ರಾಫ್ ಹಾಕಿ, ಆಮೇಲೆ ಮಾತಾಡೋಣ.

ಕಾಜಾಣ:
ಮಣಿಸರ ಅವರೇ, ಆಂಟಿಫ್ರೀಜ್ ಮಾರ್ಟಿನಿ 2ರ ಕಾಲದ ಮದ್ದು. 2021ರಲ್ಲಿ ಬಂದ ಮಾರ್ಟಿನಿ 3ರಲ್ಲಿ ನೀರಿಗೆ ಬೇರೆಯದೇ ಮಣಿ ಇದೆ, ಸುಲಭಕ್ಕೆ ಹೆಪ್ಪುಗಟ್ಟಲ್ಲ. ಇದು ಬ್ಯಾರೊಸ್ಟ್ಯಾಟ್ (ಬಾಕ್ಸಿನ ಅಳತೆ ಬದಲಿಸಿ ಒತ್ತಡ ಕಾಯುವ ಭಾಗ) ತೊಂದರೆ. ಪರಿನೆಲ್ಲೊ-ರಹಮಾನ್ ಬ್ಯಾರೊಸ್ಟ್ಯಾಟ್ ಇದೆ ತಾನೇ? ಸಮತೋಲನಕ್ಕೆ ಬರುವ ಮೊದಲೇ ಅದನ್ನು ಹಾಕಿದರೆ ಬಾಕ್ಸ್ ಉಯ್ಯಾಲೆ ಆಡುತ್ತೆ. ಅದರ ಬದಲು ಸಿ-ರೀಸ್ಕೇಲ್ ಬ್ಯಾರೊಸ್ಟ್ಯಾಟ್ ಹಾಕಿ.

ಪೊರೆಗಾರ:
ಹಾಕಿದೆ. ನಿಧಾನವಾಗಿ, ಆದರೆ ಅದೇ ರೀತಿ ಕುಗ್ಗುತ್ತೆ.

ಕಾಜಾಣ:
ಹಾಗಾದ್ರೆ ಟೌ-ಪಿ (ಬ್ಯಾರೊಸ್ಟ್ಯಾಟ್ ಒತ್ತಡ ಸರಿಪಡಿಸಲು ತಗೊಳ್ಳೋ ಕಾಲ) ಕಡಿಮೆ ಇರಬೇಕು. 12 ಪಿಕೊಸೆಕೆಂಡ್ ಮಾಡಿ. ಕಂಪ್ರೆಸಿಬಿಲಿಟಿ 3e-4 ಇದೆಯಾ?

ಪೊರೆಗಾರ:
12 ಇದೆ, 3e-4 ಇದೆ, ಸೆಮಿ-ಐಸೊಟ್ರೋಪಿಕ್ (ಅಡ್ಡಕ್ಕೂ ಝಡ್ ದಿಕ್ಕಿಗೂ ಒತ್ತಡ ಬೇರೆಬೇರೆಯಾಗಿ ಕಾಯೋದು) ಇದೆ. ಇನ್ನೂ ಹೆಚ್ಚಿಸಿದರೆ ಸುಕ್ಕಾಗೋದು ತಡವಾಗುತ್ತೆ ಅಷ್ಟೇ, ನಿಲ್ಲಲ್ಲ.

ಶಿಲೆ_ಬಾಲಿಕೆ:
ಮಣಿಗಳ ಗೊಡವೆಯೇ ಬೇಡ ಅಂತ ನಾನು ಚಾರ್ಮ್36 ಆಲ್-ಆಟಮ್‌ಗೆ (ಪ್ರತಿ ಪರಮಾಣುವನ್ನೂ ಬಿಡಿಯಾಗಿ ಲೆಕ್ಕ ಹಾಕುವ ಮಾದರಿ) ಹೋದೆ. ಮನೆಯ ಮೆಷಿನ್ನಿನಲ್ಲಿ ಎರಡು ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್, ಲಿಕ್ವಿಡ್ ಕೂಲಿಂಗ್. ಬೇಸಿಗೆಯಲ್ಲೂ 70 ಡಿಗ್ರಿ ದಾಟಲ್ಲ.

ಕಾಜಾಣ:
ಒಂದು ಡಿಪಿಪಿಸಿಯಲ್ಲಿ 130 ಪರಮಾಣು. 5000 ಅಂದರೆ ನೀರು ಬಿಟ್ಟೇ ಆರೂವರೆ ಲಕ್ಷ, ಅದೂ ಒಂದೊಂದು ಲೆಕ್ಕಕ್ಕೆ 2 ಫೆಮ್ಟೊಸೆಕೆಂಡ್ ಮಾತ್ರ ಮುಂದೆ ಹೋಗುವ ಹೆಜ್ಜೆಯಲ್ಲಿ. ಉದ್ದದ ಅಲೆಗಳೇ ನಿಧಾನ, ಅವು ಸಾಕಷ್ಟು ಸಲ ಎದ್ದು ಬೀಳುವ ತನಕ ಕಾಯಬೇಕು. ಮಾರ್ಟಿನಿಯಲ್ಲಿ ಅದೇ ಲಿಪಿಡ್ 12 ಮಣಿ, ಹೆಜ್ಜೆ 20 ಫೆಮ್ಟೊಸೆಕೆಂಡ್.

ಮಣಿಸರ:
ಮೇಲಿಂದ, ಮಣಿಗಳು ನಿಜಕ್ಕಿಂತ ವೇಗವಾಗಿ ಚಲಿಸೋದರಿಂದ ಸಮಯವನ್ನು ನಾಲ್ಕರಿಂದ ಗುಣಿಸಬಹುದು.

ಕಾಜಾಣ:
ದಯವಿಟ್ಟು ಗುಣಿಸಬೇಡಿ. ಆ ನಾಲ್ಕು ಬಂದದ್ದು ನೀರಿನ ವಿಸರಣೆಯ ಹೋಲಿಕೆಯಿಂದ. ಲಿಪಿಡ್ಡಿಗೆ, ಪ್ರೋಟೀನಿಗೆ, ಪಾಲಿಮರಿಗೆ ಅದೇ ಅಂಕಿ ಹಿಡಿದು ಕೂರೋದು ತಪ್ಪು. ಓಡಿದಷ್ಟು ಸಮಯ ಬರೆಯಿರಿ, ಸಾಕು.

ಮಣಿಸರ:
ಎಷ್ಟೋ ಪೇಪರುಗಳಲ್ಲಿ ಗುಣಿಸಿಯೇ ಕೊಟ್ಟಿದ್ದಾರೆ. ಇದಕ್ಕೆ ಬೇರೆ ಥ್ರೆಡ್ ತೆರೀತೀನಿ.

ನಿಧಾನಸ್ಥ:
ಪೊರೆಗಾರ, ಎರಡು ವಿಷಯ ನೀವು ಹೇಳೇ ಇಲ್ಲ. ಗ್ರೋಮ್ಯಾಕ್ಸ್ (ಸಿಮ್ಯುಲೇಶನ್ ಓಡಿಸುವ ಸಾಫ್ಟ್‌ವೇರ್) ಯಾವ ಆವೃತ್ತಿ? ಜಿಪಿಯು ಮೇಲೆ ಓಡಿಸ್ತಿದ್ದೀರಾ? ಲಾಗ್ ಫೈಲಿನ ಆರಂಭದಲ್ಲಿ ಎನ್‌ಎಸ್‌ಟಿ-ಲಿಸ್ಟ್ (ನೆರೆಮಣಿಗಳ ಪಟ್ಟಿಯನ್ನು ಎಷ್ಟು ಹೆಜ್ಜೆಗೊಮ್ಮೆ ಹೊಸದು ಮಾಡಬೇಕು ಅನ್ನೋದು) ಬದಲಾಯಿಸಿದ್ದೇನೆ ಅನ್ನುವ ಸಾಲು ಇದೆಯಾ?

ಪೊರೆಗಾರ:
2022. ಜಿಪಿಯುವೇ. ಹೌದು, ಆ ಸಾಲಿದೆ! ನಾನು ಕೊಟ್ಟದ್ದು 20, ಅದು ತಾನೇ ಹೆಚ್ಚಿಸಿಕೊಂಡಿದೆ. ಆರ್-ಲಿಸ್ಟ್ (ಎಷ್ಟು ದೂರದ ತನಕ ಪಟ್ಟಿಗೆ ಸೇರಿಸೋದು ಅನ್ನೋದು) 1.1ಕ್ಕಿಂತ ಚೂರು ಮಾತ್ರ ಜಾಸ್ತಿ.

ನಿಧಾನಸ್ಥ:
ಅಲ್ಲೇ ಇದೆ ನೋಡಿ. ಯಾವ ಮಣಿಗೆ ಯಾವುದು ನೆರೆ ಅನ್ನುವ ಪಟ್ಟಿಯನ್ನು ಪ್ರತಿ ಹೆಜ್ಜೆಗೂ ಹೊಸದಾಗಿ ಮಾಡಲ್ಲ. ಪಟ್ಟಿಯ ಹೊರಗಿದ್ದ ಮಣಿ ನಡುವೆ ಕಟ್-ಆಫ್ (ಬಲ ಲೆಕ್ಕ ಹಾಕುವ ಗರಿಷ್ಠ ದೂರ) ಒಳಗೆ ಬಂದರೆ ಆ ಜೋಡಿಯ ಆಕರ್ಷಣೆ ಲೆಕ್ಕಕ್ಕೇ ಬರಲ್ಲ. ಇಂಥ ತಪ್ಪು ಎಷ್ಟರ ತನಕ ಆದರೆ ಪರವಾಗಿಲ್ಲ ಅಂತ ನಿರ್ಧರಿಸೋದು ವರ್ಲೆಟ್-ಬಫರ್-ಟಾಲರೆನ್ಸ್. ಆದರೆ ಅದು ಕಾಯೋದು ಶಕ್ತಿಯನ್ನು, ಒತ್ತಡವನ್ನಲ್ಲ. ಪೊರೆ ಒಂದು ಕಡೆ, ನೀರು ಒಂದು ಕಡೆ ಇರುವ ಬಾಕ್ಸಿನಲ್ಲಿ ತಪ್ಪಿಹೋದ ಜೋಡಿಗಳು ಎಲ್ಲ ದಿಕ್ಕಿಗೂ ಸಮ ಅಲ್ಲ, ಹಾಗಾಗಿ ಒತ್ತಡದ ಟೆನ್ಸರ್ (ಒಂದೊಂದು ದಿಕ್ಕಿನ ಒತ್ತಡದ ಲೆಕ್ಕ) ವಾಲುತ್ತೆ. ಬ್ಯಾರೊಸ್ಟ್ಯಾಟ್ ಆ ಸುಳ್ಳು ಒತ್ತಡವನ್ನು ನಿಷ್ಠೆಯಿಂದ ಸರಿಪಡಿಸುತ್ತಾ ಬಾಕ್ಸನ್ನು ಹಿಂಡುತ್ತೆ. ಸಣ್ಣ ತುಂಡಿಗೆ ಬಾಗೋದು ದುಬಾರಿ, ಅದು ತಡೆದುಕೊಳ್ಳುತ್ತೆ. ದೊಡ್ಡದು ಬಾಗಿಬಿಡುತ್ತೆ. ಕಿಮ್, ಫಾಬಿಯಾನ್, ಹುಮ್ಮರ್ ಅನ್ನುವ ಸಂಶೋಧಕರು 2023ರಲ್ಲಿ ಇದನ್ನೇ ಬಿಡಿಸಿ ತೋರಿಸಿದ್ದಾರೆ.

ನನ್ನ ಮಾತು ನಂಬಬೇಕಾಗಿಲ್ಲ, ಪರೀಕ್ಷಿಸಿ. ಎನ್‌ಎಸ್‌ಟಿ-ಕ್ಯಾಲ್ಕ್-ಎನರ್ಜಿ, ಎನ್‌ಎಸ್‌ಟಿ-ಎನರ್ಜಿ ಎರಡನ್ನೂ 1 ಮಾಡಿ (ಆಗ ಪ್ರತಿ ಹೆಜ್ಜೆಗೂ ಒತ್ತಡ ಲೆಕ್ಕ ಹಾಕಿ ಬರೆಯುತ್ತೆ) ಸ್ವಲ್ಪ ಹೊತ್ತು ಓಡಿಸಿ. ಒತ್ತಡದ ಎಕ್ಸ್‌ಎಕ್ಸ್, ಝಡ್‌ಝಡ್ ಅಂಶಗಳನ್ನು ತೆಗೆದು, ಪಟ್ಟಿ ಹೊಸದಾದ ಹೆಜ್ಜೆಯಿಂದ ಎಣಿಸಿ ಸರಾಸರಿ ಹಾಕಿ. ಗರಗಸದ ಹಲ್ಲು ಕಂಡರೆ ಕಾರಣ ಇದೇ. ಆಮೇಲೆ ವರ್ಲೆಟ್-ಬಫರ್-ಟಾಲರೆನ್ಸ್ -1, ಆರ್-ಲಿಸ್ಟ್ 1.35, ಎನ್‌ಎಸ್‌ಟಿ-ಲಿಸ್ಟ್ 20 ಕೊಡಿ. ಸ್ವಯಂಚಾಲಿತ ಬಫರ್ ಹೋದ ಮೇಲೆ ಅದು ತಾನಾಗಿ 20ನ್ನು ಬದಲಾಯಿಸಲ್ಲ. ವೇಗ ಒಂದಿಷ್ಟು ಕಡಿಮೆಯಾಗುತ್ತೆ, ಆಗಲಿ. ಅಲೆ ಅಳೆಯೋದೇ ಕೆಲಸ ಆದಾಗ ಅಲೆಯೇ ಸುಳ್ಳಾಗಿರಬಾರದು.

ಕಾಜಾಣ:
ಆದರೂ ಬ್ಯಾರೊಸ್ಟ್ಯಾಟ್ ಇಲ್ಲದಿದ್ರೆ ಬಾಕ್ಸ್ ಕುಗ್ಗುತ್ತಿರಲಿಲ್ಲ.

ನಿಧಾನಸ್ಥ:
ಬಾಕ್ಸ್ ಕುಗ್ಗುತ್ತಿರಲಿಲ್ಲ, ನಿಜ. ಆದರೆ ಒತ್ತಡ ತಪ್ಪಾಗೇ ಇರುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದು ಇನ್ನೂ ಕೆಟ್ಟದ್ದು.

ಪೊರೆಗಾರ:
ಗರಗಸದ ಹಲ್ಲು ಸ್ಪಷ್ಟವಾಗಿ ಕಾಣ್ತು. 1.35 ಹಾಕಿದ ಮೇಲೆ ಅದು ಮಾಯ, ಬಾಕ್ಸ್ ನಿಂತಿದೆ. ಪ್ರತಿ ಲಿಪಿಡ್ಡಿನ ವಿಸ್ತೀರ್ಣ ಸಣ್ಣ ತುಂಡಿನದಕ್ಕೆ ಹೊಂದುತ್ತಿದೆ. ನಿಧಾನಸ್ಥ ಅವರೇ, ಮನಸಾರೆ ಧನ್ಯವಾದ. ಗ್ರೋಮ್ಯಾಕ್ಸ್ 2024ಕ್ಕೆ ಅಪ್‌ಗ್ರೇಡ್ ಮಾಡಿದರೆ ಇದೆಲ್ಲ ಬೇಕಾಗುತ್ತಾ?

ನಿಧಾನಸ್ಥ:
ಅದರಲ್ಲಿ ಒತ್ತಡಕ್ಕೇ ಬೇರೆ ಟಾಲರೆನ್ಸ್ ಬಂದಿದೆ. ಆದರೂ ಗರಗಸದ ಪರೀಕ್ಷೆ ಒಮ್ಮೆ ಮಾಡಿಯೇ ಮುಂದುವರಿಯಿರಿ.

ಶಿಲೆ_ಬಾಲಿಕೆ:
ನಾನೂ ನನ್ನ ಲಾಗ್ ತೆಗೆದು ನೋಡಿದೆ, ಎನ್‌ಎಸ್‌ಟಿ-ಲಿಸ್ಟ್ 100 ಅಂತಿದೆ. ಆಲ್-ಆಟಮ್‌ಗೂ ಇದು ತಟ್ಟುತ್ತಾ?

ಪಾಲಿ_ಸರಪಳಿ:
ನಾನು ಪಾಲಿಸ್ಟೈರೀನ್ ಮಣಿ-ಮಾದರಿ ಮಾಡ್ತಿದ್ದೇನೆ, ಪೊರೆಯಲ್ಲ, ಐಸೊಟ್ರೋಪಿಕ್ ಒತ್ತಡ. ಸಾಂದ್ರತೆ ಯಾವಾಗಲೂ ಒಂದು ಕೂದಲು ಕಡಿಮೆ ಬರುತ್ತೆ. ಇದೇ ಕಾರಣ ಇರಬಹುದಾ? ಎಂಡಿಪಿ ಫೈಲ್ ಹಾಕಲಾ?